ಹೊರಗಿನ ಬೀಗ

ಒಗೆದ ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಸೊಸೆಯ ಕೈಯಲ್ಲಿ. ಇಬ್ಬರೂ ಸೇರಿ ಹಿಂಡುತ್ತಿದ್ದೆವು. ಆಗ ಮತ್ತೆ ಕೇಳಿಸಿತು. ಮುಚ್ಚಿದ ಬಾಗಿಲನ್ನು ಒಳಗಿನಿಂದ ತಟ್ಟುವ ಸದ್ದು, ಮೂರು ಸಲ. ನನ್ನ ಕೈ ಸಡಿಲಿ ಹೊದಿಕೆ ನೆಲಕ್ಕೆ ಬಿತ್ತು.

"ಏನತ್ತೆ, ಮತ್ತೆ ದೊಡ್ಡತ್ತೆ ಬಂದ್ರಾ?" ಎಂದಳು ಸೊಸೆ.

ದೊಡ್ಡತ್ತೆ ಎಂದರೆ ನನ್ನ ಅಕ್ಕ. ತೀರಿಹೋಗಿ ಒಂಬತ್ತು ವರ್ಷವಾಯಿತು.

ನೂಲಿನ ಗಿರಣಿಯ ಹಿಂದಿನ ಕೋಣೆಸಾಲುಗಳಲ್ಲಿ ಒಂದು ರೂಢಿಯಿತ್ತು. ಹಗಲು ಪಾಳಿಗೆ ಹೋಗುವವರು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರು ಒಳಗೆ ಯಾರ ಕಾಟವೂ ಇಲ್ಲದೆ ಮಲಗಲಿ ಎಂದು. ಅಲ್ಲಿ ಬೀಗ ಕಂಡರೆ ಒಳಗೆ ಜನರಿದ್ದಾರೆಂದೇ ಅರ್ಥ. ಅಲ್ಲೇ ಹುಟ್ಟಿ ಬೆಳೆದವಳು ನಾನು, ನನಗೆ ಗೊತ್ತಿತ್ತು.

ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ಜನಗಣತಿಯ ಕೆಲಸ ಸಿಕ್ಕಿತು. "ಬೀಗ ಇದ್ರೆ ಖಾಲಿ ಅಂತ ಬರಿಯಮ್ಮ, ಈ ವಾರ ಮುಗೀಬೇಕು" ಎಂದರು ಮೇಲಿನವರು. ಹಾಗಲ್ಲ ಎನ್ನಲು ಬಾಯಿ ಬರಲಿಲ್ಲ. ನಾನೂ ಆ ಕೋಣೆಗಳವಳೇ ಎಂದು ಓದಿದವರೆದುರು ತೋರಿಸಿಕೊಳ್ಳಲು ನಾಚಿಕೆ. ನೂರ ಹನ್ನೆರಡು ಬಾಗಿಲಿಗೆ 'ಖಾಲಿ' ಎಂದು ಬರೆದೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅಕ್ಕನ ಬಾಗಿಲಿಗೆ ಬರೆಯುವಾಗ ಅವಳು ಒಳಗಿನಿಂದ ಮೂರು ಸಲ ತಟ್ಟಿದಳು. ನಾನು ಮುಂದಿನ ಬಾಗಿಲಿಗೆ ಹೋದೆ.

ಉಳಿದ ಗಣತಿಯವರೂ ಹಾಗೇ ಬರೆದರು, ಅವರಿಗೆ ಗೊತ್ತಿರಲಿಲ್ಲ.

ಆ ಎಣಿಕೆ ನಂಬಿ ಶಾಸನಸಭೆಯ ಸ್ಥಾನಗಳನ್ನು ಹಂಚಿದರು. ನದಿಯಾಚೆ ನಾಲ್ಕು ಸ್ಥಾನ, ಈಚೆ ನಮಗೆ ಎರಡು. ಜನ ಮಾತ್ರ ಎರಡೂ ದಡದಲ್ಲಿ ಸರಿಸಮ. ಆಸ್ಪತ್ರೆ ಎಲ್ಲಿ ಕಟ್ಟಬೇಕೆಂದು ಸಭೆಯಲ್ಲಿ ಕೈ ಎತ್ತಿಸಿದಾಗ, ಅದು ಆಚೆಗೇ ಹೋಯಿತು.

ಉಸಿರು ಕಟ್ಟಿದ ಅಕ್ಕನನ್ನು ನಾವು ಸೇತುವೆಯವರೆಗೆ ಮಾತ್ರ ತಲುಪಿಸಿದೆವು. ಗಾಡಿಯಲ್ಲಿ ನನ್ನ ಬೆರಳು ಹಿಡಿದು ಅಷ್ಟು ಸಂಕಟದಲ್ಲೂ ಚುಚ್ಚಿದಳು: "ಯಾಕೇ ಅಳ್ತೀಯ? ನಿನ್ನ ಲೆಕ್ಕದಲ್ಲಿ ನಾನು ಇರಲೇ ಇಲ್ವಲ್ಲ."

ಆ ತಿಂಗಳೇ ಎಲ್ಲವನ್ನೂ ಒಪ್ಪಿಕೊಂಡು ಸ್ಥಾನ ಹಂಚುವ ಕ್ಷೇತ್ರ ವಿಂಗಡಣಾ ಆಯೋಗಕ್ಕೆ ಪತ್ರ ಬರೆದೆ. ಜೈಲಿಗೆ ಹಾಕಿಯಾರೆಂಬ ಭಯ. ಪತ್ರ ಟ್ರಂಕಿನ ತಳ ಸೇರಿತು. ತಟ್ಟುವ ಸದ್ದು ಶುರುವಾದದ್ದು ಆಗಿನಿಂದ. ರಾತ್ರಿಯಲ್ಲ, ನಡುಹಗಲಲ್ಲಿ, ಅಕ್ಕ ಮಲಗುತ್ತಿದ್ದ ಹೊತ್ತಿಗೆ.

ಈಗ ಅದೇ ಹಳೆಯ ಎಣಿಕೆ ಇಟ್ಟುಕೊಂಡು ಮತ್ತೆ ಸ್ಥಾನ ಹಂಚುತ್ತಾರಂತೆ. ತಕರಾರನ್ನು ಅಂಚೆಗೆ ಹಾಕಲು ಇವತ್ತೇ ಕೊನೆಯ ದಿನ.

ಟ್ರಂಕು ತೆಗೆದೆ. ಸೊಸೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಅತ್ತೆ, ಪೊಲೀಸ್ರು ಬಂದ್ರೆ?"

"ಬಂದ್ರೆ ಕೂರಿಸು. ಬೀಗ ಮಾತ್ರ ಹಾಕ್ಬೇಡ."

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿದ. "ಕಳಿಸೋರ ವಿಳಾಸ ಇಲ್ವಲ್ಲಮ್ಮ. ಇಲ್ಲದಿದ್ರೆ ರಿಜಿಸ್ಟರ್ ತಗೊಳ್ಳಲ್ಲ."

ಪೆನ್ನು ಇಸಿದುಕೊಂಡು ನನ್ನ ಹೆಸರು, ಮನೆ ನಂಬರು ಬರೆದೆ. ಅಕ್ಷರ ನೆಟ್ಟಗಿತ್ತು. ಅವನು ಮುದ್ರೆ ಒತ್ತಿ ಪತ್ರವನ್ನು ಚೀಲಕ್ಕೆ ಹಾಕಿದ. ಚೀಲ ಹೊತ್ತ ಗಾಡಿ ಹೊರಡುವವರೆಗೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ.