ಸೂಜಿ ತೆಗೆದ ಬಂದೂಕು

ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಿಗ್ಗೆ ಹತ್ತರ ಹೊತ್ತು, ಬಿಸಿಲು ಆಗತಾನೇ ಅಂಗಡಿಯ ಮೆಟ್ಟಿಲು ಹತ್ತಿ ಒಳಗೆ ಬರುತ್ತಿತ್ತು. ಪೊಲೀಸಿನವನೊಬ್ಬ ಗೋಣಿಯಲ್ಲಿ ಸುತ್ತಿದ ಒಂಟಿ ನಳಿಗೆಯ ಬಂದೂಕೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಅವನ ಬೆನ್ನಿಗೇ ಬಂದೂಕಿನ ಒಡೆಯ, ಮರ ಕೊಯ್ಯುವ ಸಾಮಿಲ್ ಯಜಮಾನ ಬಂದ. ಶುರುವಾದದ್ದು ಅಲ್ಲಿಂದ.

ನಮ್ಮದು ಬಂದೂಕು ಮಾರುವ, ರಿಪೇರಿ ಮಾಡುವ ಅಂಗಡಿ. ಲೈಸೆನ್ಸ್ ನನ್ನ ಹೆಸರಿನಲ್ಲಿ. ಅರ ಹಿಡಿಯುವುದು ನಾನು, ಪೆನ್ನು ಹಿಡಿಯುವುದು ನನ್ನ ತಮ್ಮ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಚ್ಚಿನ ಅಕ್ಷರವನ್ನು ಒಂದಕ್ಕೊಂದು ಕೂಡಿಸಿ ಹೇಗೋ ಓದುತ್ತಿದ್ದೆ, ಕೈಬರಹವೆಂದರೆ ಇರುವೆ ಸಾಲು ನೋಡಿದ ಹಾಗಾಗುತ್ತಿತ್ತು. ಈಗ ಇಷ್ಟು ಬರೆಯುತ್ತಿರುವುದು ಆಮೇಲೆ ಕಲಿತದ್ದು. ತಮ್ಮ ಹತ್ತನೇ ಕ್ಲಾಸಿನವರೆಗೆ ಓದಿದ್ದ, ಓದಿಸಿದವನು ನಾನೇ. ರಿಜಿಸ್ಟರಿನಲ್ಲಿ ಅವನು ಬರೆದು, ಓದಿ ಹೇಳಿ, ಬೆರಳಿಟ್ಟು ತೋರಿಸಿದ ಕಡೆ ನಾನು ಸಹಿ ಮಾಡುತ್ತಿದ್ದೆ. ಇಪ್ಪತ್ತು ವರ್ಷ ಹಾಗೇ ನಡೆದಿತ್ತು.

ಸಾಮಿಲ್ ಯಜಮಾನನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಸಿಟ್ಟು ಬಂದಾಗಲೆಲ್ಲ ಗಂಡ ಬಂದೂಕು ತೆಗೆದು ಹೆದರಿಸುತ್ತಾನೆ ಎಂದು ಅವಳು ದೂರು ಕೊಟ್ಟಿದ್ದಳು. ವಿಚಾರಣೆ ಮುಗಿಯುವ ತನಕ ಅವನ ಲೈಸೆನ್ಸ್ ತಡೆಹಿಡಿದಿದ್ದರು. ಅಂಥ ಬಂದೂಕು ಒಂದೋ ಠಾಣೆಯಲ್ಲಿರಬೇಕು, ಇಲ್ಲವೇ ನಮ್ಮಂಥ ಅಂಗಡಿಯಲ್ಲಿ. ಲೈಸೆನ್ಸ್ ಕೊಡುವ ಆಫೀಸಿನಿಂದ ಪತ್ರ ಬಾರದೆ ಒಡೆಯನ ಕೈಗೆ ಕೊಡುವಂತಿಲ್ಲ. ಠಾಣೆಯ ಕೋಣೆ ಸೋರುತ್ತದೆ, ಬಂದೂಕಿಗೆ ತುಕ್ಕು ಹಿಡಿಯುತ್ತದೆ ಎಂದು ಯಜಮಾನನೇ ನಮ್ಮ ಅಂಗಡಿಯಲ್ಲಿಡಲು ಕೇಳಿಕೊಂಡಿದ್ದ.

"ಚೆನ್ನಾಗಿ ನೋಡ್ಕೊಳ್ಳಪ್ಪ, ಹೆಂಡತಿಗಿಂತ ಮೊದಲು ಮನೆಗೆ ಬಂದಿದ್ದು ಇದು" ಅಂದ.

ಪೊಲೀಸಿನವನು ನಕ್ಕ. ನನ್ನ ತಮ್ಮನೂ ನಕ್ಕ.

ಅವರೆಲ್ಲ ಹೋಗಿ ಊಟದ ಹೊತ್ತಾಗಿರಬೇಕು, ನರ್ಸಮ್ಮ ಬಂದಳು. ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಣ್ಣ, ಅವರು ಬಂದು ಕೇಳಿದ್ರೆ ಕೊಟ್ಟುಬಿಡ್ತೀರಾ?"

"ಪತ್ರ ಇಲ್ದೆ ಕೊಡಲ್ಲಮ್ಮ."

"ಅವರಿಗೆ ಊರೆಲ್ಲ ಸ್ನೇಹಿತರು."

"ಇರ್ಲಿ. ನನ್ನ ಅಂಗಡೀಲಿ ಸ್ನೇಹ ಹೊರಗಿನ ಬೆಂಚಿನ ತನಕ ಮಾತ್ರ."

ಅವಳಿಗೆ ನಂಬಿಕೆ ಬರಲಿಲ್ಲ. ನಾನು ಬಂದೂಕನ್ನು ಗೋಡೆಯ ಸರಳಿನಿಂದ ಇಳಿಸಿ, ಅವಳ ಎದುರಿಗೇ ಬಿಚ್ಚಿ, ಒಳಗಿನ ಸೂಜಿ ತೆಗೆದೆ. ಕುದುರೆ ಎಳೆದಾಗ ತೋಟೆಯ ಹಿಂಬದಿಗೆ ಬಡಿದು ಗುಂಡು ಹಾರಿಸುವ ಚೂಪು ಮೊಳೆಗೆ ನಾವು ಸೂಜಿ ಅನ್ನುತ್ತೇವೆ. ನನ್ನ ಕಿರುಬೆರಳಿಗಿಂತ ಗಿಡ್ಡ. ಠೇವಣಿಗೆ ಬಂದ ಬಂದೂಕಿನ ಸೂಜಿ ತೆಗೆದಿಡುವುದು ಕಾನೂನಲ್ಲ, ನನ್ನ ಪದ್ಧತಿ. ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡೆ, ಮುಂದೆ ಅಂಗಿ ಬದಲಿಸಿದಾಗಲೆಲ್ಲ ಅದನ್ನೂ ಬದಲಿಸುತ್ತಿದ್ದೆ.

"ಇದಿಲ್ದೆ ಇದು ಬಂದೂಕಲ್ಲಮ್ಮ, ದೊಣ್ಣೆ. ದೊಣ್ಣೇಲಾದ್ರೂ ಒಂದೇಟು ಹಾಕಬಹುದು, ಇದು ಅದಕ್ಕೂ ಭಾರ."

ಅವಳ ಮುಖ ಸ್ವಲ್ಪ ಸಡಿಲಾಯಿತು. "ಮಾತು ಕೊಡ್ತೀರಾ?" ಅಂದಳು. ಕೊಟ್ಟೆ.

ನಾನು ಬಂದೂಕೇ ಬೇಡ ಅನ್ನುವವನಲ್ಲ. ಅದರಿಂದ ಅನ್ನ ತಿಂದವನು. ಊರಾಚೆ ಒಂಟಿ ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿಯೊಬ್ಬಳಿಗೆ ನಾನೇ ಬಂದೂಕು ಮಾರಿ ಹಿಡಿಯುವುದನ್ನು ಕಲಿಸಿದ್ದೆ. ಹನ್ನೊಂದು ವರ್ಷ ಅದು ಅವಳ ಬಾಗಿಲ ಹಿಂದೆ ನಿಂತಿತ್ತು. ಒಂದು ಸಲವೂ ಹಾರಿಸಲಿಲ್ಲ, ನೆಮ್ಮದಿಯಾಗಿ ನಿದ್ದೆ ಮಾಡಿದಳು. ಸಾಮಿಲ್ಲಿಗೂ ಎರಡು ಸಲ ಕಳ್ಳರು ನುಗ್ಗಿದ್ದು ಸುಳ್ಳಲ್ಲ. ಅವನಿಗೆ ಬಂದೂಕು ಬೇಕಾಗಿದ್ದಕ್ಕೆ ಕಾರಣವಿತ್ತು. ಆದರೆ ಕಳ್ಳರು ಬಂದದ್ದು ಸಾಮಿಲ್ಲಿಗೆ, ಬಂದೂಕು ಇರುತ್ತಿದ್ದದ್ದು ಅವನ ಮಲಗುವ ಕೋಣೆಯಲ್ಲಿ.

ವಾರಕ್ಕೆರಡು ಸಲ ಅವನು ಬಂದು ಬೆಂಚಿನ ಮೇಲೆ ಕೂರುತ್ತಿದ್ದ.

"ನಾಳೆ ಕಳ್ಳ ಬಂದ್ರೆ ನಾನೇನು ಅವನಿಗೆ ಕಾಫಿ ಮಾಡಿಕೊಡ್ಲಾ?"

"ಕಾವಲಿಗೆ ಆಳಿಡಿ ಯಜಮಾನ್ರೇ" ಅನ್ನುತ್ತಿದ್ದೆ.

"ನನ್ನ ಮನೆ, ನನ್ನ ಬಂದೂಕು. ಆಫೀಸಿನ ಗುಮಾಸ್ತನ ಅಪ್ಪಣೆ ಬೇಕಾ?"

"ಬೇಕು."

ಅವನು ಎದ್ದು ಹೋದ ಮೇಲೆ ತಮ್ಮ ಶುರು ಮಾಡುತ್ತಿದ್ದ. "ಅಣ್ಣ, ಗಂಡ ಹೆಂಡತಿ ಜಗಳ. ಅದಕ್ಕೆ ಅವನ ಹಕ್ಕು ಕಿತ್ಕೊಳ್ಳೋದು ಯಾವ ನ್ಯಾಯ? ಯಾರಾದ್ರೂ ಒಂದು ದೂರು ಗೀಚಿದ್ರೆ ಸಾಕಾ?"

"ವಿಚಾರಣೆ ಆಗ್ಲಿ. ಅವಳದು ಸುಳ್ಳು ಅಂತಾದ್ರೆ ನಾನೇ ಎಣ್ಣೆ ಹಾಕಿ, ಒರೆಸಿ ಕೊಡ್ತೀನಿ."

"ನೀನು ಒಂದು ಕಾಗದಕ್ಕೆ ಕೊಡೋ ಮರ್ಯಾದೇನ ಮನುಷ್ಯನಿಗೆ ಕೊಡಲ್ಲ. ಅದೂ ಓದಕ್ಕೆ ಬಾರದವನು!"

ತಮಾಷೆಗೆ ಅಂದದ್ದು ಎಂದುಕೊಂಡು ನಾನೂ ನಕ್ಕಿದ್ದೆ. ಮೊದಲಿನಿಂದಲೂ ಅವನ ನಾಲಿಗೆ ಹಾಗೇ. ಆ ದಿನಗಳಲ್ಲಿ ಅವನಿಗೆ ತನ್ನದೇ ಅಂಗಡಿ ಹಾಕುವ ಹುಚ್ಚು ಹಿಡಿದಿತ್ತು. ಸಾಮಿಲ್ಲಿನ ಮುಂದುಗಡೆ ರಸ್ತೆಗೆ ತೆರೆದ ಎರಡು ಕೋಣೆಗಳಿದ್ದವು. ಅವನ್ನು ಕೊಡುತ್ತೇನೆಂದು ಯಜಮಾನ ಆಸೆ ಹುಟ್ಟಿಸಿದ್ದ. ಅದು ನನಗೆ ತಿಳಿದದ್ದು ಎಲ್ಲ ಆದ ಮೇಲೆ.

ಬೇಸಿಗೆ ಮುಟ್ಟುವ ಹೊತ್ತಿಗೆ ನನಗೆ ಜ್ವರ ಬಂತು. ನಾಲ್ಕು ದಿನ ಮಲಗಿದೆ. ಮೂರನೇ ದಿನ ಸಂಜೆ ತಮ್ಮ ರಿಜಿಸ್ಟರ್ ಹಿಡಿದು ಮನೆಗೆ ಬಂದ.

"ತಿಂಗಳ ಕೊನೆ ಅಲ್ವಾ ಅಣ್ಣ, ಆಫೀಸಿಗೆ ತೋರಿಸಬೇಕು. ಇದು ತೋಟದ ಕಾವಲುಗಾರನದು, ರಿಪೇರಿ ಆಗಿ ಹೋಗಿದ್ದು. ಇದು ತೋಟೆ ಸ್ಟಾಕು. ಇದು ಹೊಸ ನಳಿಗೆ ಬಂದಿದ್ದು."

ಬೆರಳಿಟ್ಟ. ಸಹಿ ಮಾಡಿದೆ. ನಾಲ್ಕು ಕಡೆ. ನಮ್ಮವಳು ಗಂಜಿ ಹಿಡಿದು ನಿಂತಿದ್ದಳು. "ಜ್ವರದಲ್ಲೂ ಬಿಡಲ್ವಲ್ಲಪ್ಪ ನಿಮ್ಮಣ್ಣನ್ನ" ಎಂದು ಗದರಿದಳು. "ಅಣ್ಣನ ಸಹಿ ಇಲ್ದೆ ಸರ್ಕಾರ ನಡೆಯಲ್ಲ ಅತ್ತಿಗೆ" ಎಂದು ಅವನು ನಕ್ಕು, ಕಾಫಿ ಕುಡಿದು ಹೋದ.

ಸೋಮವಾರ ಅಂಗಡಿಗೆ ಹೋದೆ. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ನರ್ಸಮ್ಮ ಬಂದಳು. ಒಂದು ಕೈಯಲ್ಲಿ ಬಟ್ಟೆ ತುಂಬಿದ ಚೀಲ. ಇಬ್ಬರು ಹೆಣ್ಣುಮಕ್ಕಳು ಬೀದಿಯಲ್ಲಿ ನಿಂತಿದ್ದರು.

"ನಿನ್ನೆ ಅದನ್ನ ತಂದು ಊಟದ ಮೇಜಿನ ಮೇಲಿಟ್ಟಿದಾರೆ. ಮಕ್ಕಳು ಅದರ ಪಕ್ಕದಲ್ಲೇ ಉಂಡವು. ನೀವು ಮಾತು ಕೊಟ್ಟಿದ್ರಿ."

ಸರಳಿನ ಕಡೆ ನೋಡಿದೆ. ಆ ಬಂದೂಕಿನ ಜಾಗ ಖಾಲಿ. ತಮ್ಮನ ಕಡೆ ತಿರುಗಿದೆ.

"ಪತ್ರ ಬಂತಲ್ಲ ಅಣ್ಣ" ಅಂದ. "ನಿನಗೆ ಓದಿ ಹೇಳಿದ್ನಲ್ಲ. ಜ್ವರದಲ್ಲಿದ್ದೆ, ಮರೆತಿದೀಯ."

ನನಗೆ ಹಾಗೆಲ್ಲ ಮರೆವು ಬರುವುದಿಲ್ಲ. ಆದರೆ ಜ್ವರವಿದ್ದದ್ದು ನಿಜ, ತಲೆ ಇನ್ನೂ ತಿರುಗುತ್ತಿದ್ದದ್ದೂ ನಿಜ. ಇರಬಹುದೇನೋ ಅನ್ನಿಸಿತು. ಪತ್ರ ತೋರಿಸು ಅನ್ನಲಿಲ್ಲ, ತೋರಿಸಿದರೂ ಅದನ್ನು ಓದಿ ಹೇಳಬೇಕಾದವನು ಅವನೇ. ಒಳಜೇಬಿಗೆ ಕೈ ಹಾಕಿದೆ. ಸೂಜಿ ಅಲ್ಲೇ ಇತ್ತು. ಅದನ್ನು ಮುಟ್ಟಿದ ಕೂಡಲೇ ಎದೆ ತಣ್ಣಗಾಯಿತು. ನಾನು ಮಾಡಿದ ತಪ್ಪು ಅದೇ.

"ನೋಡಮ್ಮ" ಎಂದು ಅಂಗೈಯಲ್ಲಿಟ್ಟು ತೋರಿಸಿದೆ. "ಅವರು ತಗೊಂಡು ಹೋಗಿರೋದು ಬರೀ ಕಬ್ಬಿಣ. ನಾಳೆ ಬೆಳಿಗ್ಗೆ ನಾನೇ ಆಫೀಸಿಗೆ ಹೋಗಿ ವಿಚಾರಿಸ್ತೀನಿ. ಚೀಲ ಹಿಡ್ಕೊಂಡು ಎಲ್ಲಿಗೆ ಹೊರಟೆ?"

"ನಮ್ಮಕ್ಕನ ಮನೆಗೆ. ಹನ್ನೆರಡಕ್ಕೆ ಬಸ್ಸಿದೆ."

"ಶಾಲೆ ಬಿಡಿಸಿ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಅಲೀತೀಯ? ಮನೆಗೆ ಹೋಗು. ಅದರಿಂದ ಏನೂ ಆಗಲ್ಲ. ನನ್ನ ಮಾತು ಕೇಳು."

ಅವಳು ಸೂಜಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ನನ್ನ ತಮ್ಮನನ್ನು ಕೇಳಿದಳು, "ಹೌದಾ ಅಣ್ಣ? ಅದಿಲ್ದೆ ಹಾರಲ್ವಾ?"

"ಅಣ್ಣ ಹೇಳಿದ ಮೇಲೆ ಮುಗೀತಲ್ಲಮ್ಮ" ಅಂದ ಅವನು. ಕೈಯಲ್ಲಿದ್ದ ಬಟ್ಟೆಯಿಂದ ಗಾಜಿನ ಬೀರು ಒರೆಸುತ್ತಲೇ ಇದ್ದ.

ಅವಳು ಮಕ್ಕಳನ್ನು ಕರೆದುಕೊಂಡು ಬಸ್ಸಿನ ಕಡೆಗಲ್ಲ, ಮನೆಯ ಕಡೆಗೆ ಹೋದಳು.

ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಬಂದೂಕು ಹಾರಿತು. ಗಂಡನ ಕೂಗಾಟಕ್ಕೆ ಅವಳು ಮಕ್ಕಳನ್ನು ಕೋಣೆಗೆ ಸೇರಿಸಿ ಬಾಗಿಲು ಹಾಕಿಕೊಂಡಿದ್ದಳಂತೆ. ಅವನು ಬಾಗಿಲಿಗೇ ಗುಂಡು ಹೊಡೆದ. ಚಿಲಕ ಒತ್ತಿ ಹಿಡಿದಿದ್ದ ಅವಳ ಎಡಗೈಗೆ ಮರದ ಸೀಳೂ ತೋಟೆಯೊಳಗಿನ ಸೀಸದ ಚರೆಯೂ ಹೊಕ್ಕವು. ಮಕ್ಕಳಿಗೆ ಏನೂ ಆಗಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಅವಳನ್ನು ಮಲಗಿಸಿದರು. ಅವನನ್ನು ಆ ಸಂಜೆಯೇ ಹಿಡಿದರು.

ಬುಧವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಠಾಣೆಗೆ ಕರೆಸಿದರು. ಬಂದೂಕು ಮೇಜಿನ ಮೇಲಿತ್ತು, ಪಕ್ಕದಲ್ಲಿ ನಮ್ಮ ರಿಜಿಸ್ಟರ್. ಇನ್ಸ್‌ಪೆಕ್ಟರ್ ನನ್ನ ಮಗನ ವಯಸ್ಸಿನವನು.

"ಸೂಜಿ ನಿಮ್ಮ ಜೇಬಲ್ಲಿತ್ತು ಅಂತೀರಿ. ಹಾಗಾದ್ರೆ ಇದು ಹಾರಿದ್ದು ಹೇಗೆ? ಬಿಚ್ಚಿ ತೋರಿಸಿ ಯಜಮಾನ್ರೇ."

ಬಿಚ್ಚಿದೆ. ಒಳಗೆ ಹೊಸ ಸೂಜಿ. ಕಿಟಕಿಯ ಬೆಳಕಿಗೆ ಹಿಡಿದೆ. ತುದಿಯನ್ನು ಅರದಿಂದ ಚೂಪು ಮಾಡಿ ಅಲ್ಲಿಗೇ ಬಿಟ್ಟಿರಲಿಲ್ಲ, ಎಣ್ಣೆ ಹಚ್ಚಿದ ತೊಗಲಿನ ಮೇಲೆ ಉಜ್ಜಿ ದುಂಡಗೆ ಮಾಡಿತ್ತು. ಕತ್ತಿನ ಹತ್ತಿರ ಒಂದು ಸಣ್ಣ ಮೆಟ್ಟಿಲು, ಸ್ಪ್ರಿಂಗು ಜಾರದಿರಲಿ ಎಂದು. ಆ ಮೆಟ್ಟಿಲು ಬೇರೆ ಯಾವ ಅಂಗಡಿಯಲ್ಲೂ ತೆಗೆಯುವುದಿಲ್ಲ. ತಮ್ಮನಿಗೆ ಹದಿನಾರು ವರ್ಷವಿದ್ದಾಗ ಅವನ ಕೈಯ ಮೇಲೆ ನನ್ನ ಕೈಯಿಟ್ಟು ಅದನ್ನು ಕಲಿಸಿದ್ದೆ. ಅಷ್ಟು ಒಳ್ಳೆಯ ಕೆಲಸವನ್ನು ಅವನು ನನ್ನ ಅಂಗಡಿಯಲ್ಲಿ ಎಂದೂ ಮಾಡಿರಲಿಲ್ಲ.

ಸೂಜಿಯನ್ನು ಬಂದೂಕಿನ ಪಕ್ಕದಲ್ಲಿಟ್ಟೆ. ಇನ್ಸ್‌ಪೆಕ್ಟರ್ ರಿಜಿಸ್ಟರ್ ತಿರುಗಿಸಿದ.

"ಆಫೀಸಿಂದ ಯಾವ ಪತ್ರಾನೂ ಬಂದಿಲ್ಲ. ವಿಚಾರಿಸಿದೀವಿ. ಇದರಲ್ಲಿ ಹೀಗಿದೆ: 'ಪತ್ರ ನೋಡಿ, ಬಂದೂಕನ್ನು ನಾನೇ ಖುದ್ದಾಗಿ ಒಡೆಯರ ಕೈಗೆ ಕೊಟ್ಟಿದ್ದೇನೆ.' ಕೆಳಗೆ ನಿಮ್ಮ ಸಹಿ. ಏನಿದು?"

ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಅಂದ: "ಅಣ್ಣ, ಜ್ವರದಲ್ಲಿ ತಪ್ಪಾಯ್ತು ಅಂದುಬಿಡು. ನಿನ್ನ ವಯಸ್ಸು ನೋಡಿ ಬಿಡ್ತಾರೆ. ನನ್ನನ್ನ ಬಿಡಲ್ಲ."

ಅವನನ್ನು ಎತ್ತಿ ಆಡಿಸಿದವನು ನಾನು. ಅಪ್ಪ ಹೋದಾಗ ಅವನಿಗೆ ನಾಲ್ಕು ವರ್ಷ. ಅವನು ಹೇಳಿದಂತೆ ಅಂದುಬಿಡಬಹುದಿತ್ತು. ಆದರೆ ಅವನು ಬೀರು ಒರೆಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅವಳು ಚೀಲ ಹಿಡಿದು ಅವನನ್ನೇ ಕೇಳಿದ್ದಳು.

"ಸೋಮವಾರ ಯಾಕೆ ಸುಮ್ಮನಿದ್ದೆ?" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಬಂದೂಕು ಕೊಟ್ಟೆ, ಸರಿ. ಸೂಜಿ ಮಾಡಿಕೊಟ್ಟೆ, ಸರಿ. ನಾನು ಆ ಹೆಣ್ಣುಮಗಳನ್ನ ಮನೆಗೆ ಹೋಗು ಅಂದಾಗ ನೀನು ಅಲ್ಲೇ ಇದ್ದೆ. ಬಸ್ಸು ಹತ್ತು ಅಂತ ಎರಡು ಮಾತು ಹೇಳಕ್ಕಾಗ್ಲಿಲ್ವಾ?"

"ನಿನ್ನೆದುರಿಗೆ ಹೇಗೆ ಹೇಳ್ಲಿ ಅಣ್ಣ? ಅವನು ಹಾರಿಸಲ್ಲ, ಮನೇಲಿ ಸುಮ್ಮನೆ ಇರ್ಲಿ ಅಂತ ಅಂದಿದ್ದ."

"ಸುಮ್ಮನೆ ಇಡೋದಕ್ಕೆ ಸೂಜಿ ಯಾಕೆ ಬೇಕಿತ್ತೋ?"

ನಾನು ಇನ್ಸ್‌ಪೆಕ್ಟರ್ ಕಡೆ ತಿರುಗಿದೆ.

"ಸಾಹೇಬ್ರೇ, ನನಗೆ ಕೈಬರಹ ಓದಕ್ಕೆ ಬರಲ್ಲ. ಇವನು ಓದಿ ಹೇಳಿದ್ದು ಬೇರೆ, ಬರೆದಿದ್ದು ಬೇರೆ. ಸೂಜಿ ಮಾಡಿದ ಕೈ ಇವನದು. ಓದಕ್ಕೆ ಬರದೆ ಇಪ್ಪತ್ತು ವರ್ಷ ಸಹಿ ಮಾಡಿದ ತಪ್ಪು ನನ್ನದು. ಅಂಗಡಿ ಲೈಸೆನ್ಸ್ ತಗೊಳ್ಳಿ."

ಇನ್ಸ್‌ಪೆಕ್ಟರ್ ರಿಜಿಸ್ಟರಿನ ಹಳೆಯ ಪುಟಗಳನ್ನು ತಿರುವಿದ. "ಇಷ್ಟು ವರ್ಷ ಇಲ್ಲಿ ಯಾರೂ ಕೇಳಲಿಲ್ವಾ?" ಅಂದ. ಯಾರೂ ಕೇಳಿರಲಿಲ್ಲ. ಎಲ್ಲಿ ಸಹಿ ಬೇಕೋ ಅಲ್ಲಿ ಸಹಿ ಇರುತ್ತಿತ್ತು.

ಮಾರನೆಯ ದಿನ ಆಸ್ಪತ್ರೆಗೆ ಹೋದೆ. ನರ್ಸಮ್ಮನ ಎಡಗೈಗೆ ಮೊಣಕೈವರೆಗೂ ಬ್ಯಾಂಡೇಜು. ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಚಿಕ್ಕ ಮಗಳು ಮಂಚದ ತುದಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ, ರಿಜಿಸ್ಟರ್, ಸೂಜಿ, ತಮ್ಮ, ಒಂದೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ.

ಅವಳು ಸಿಟ್ಟು ಮಾಡಲಿಲ್ಲ. ಮಗಳು ಕೊಟ್ಟ ತೊಳೆಯನ್ನು ಬಾಯಿಗೆ ಹಾಕಿಕೊಂಡು, ನುಂಗಿ, ಆಮೇಲೆ ಕೇಳಿದಳು:

"ಓದಕ್ಕೆ ಬರಲ್ಲ ಅಂತ ಅವತ್ತೇ ನನಗೆ ಯಾಕೆ ಹೇಳಲಿಲ್ಲ?"

"ನಾಚಿಕೆ ಆಯ್ತಮ್ಮ."

"ಪತ್ರ ಇಲ್ದೆ ಕೊಡಲ್ಲ ಅಂದ್ರಲ್ಲ ಅಣ್ಣ. ಪತ್ರ ನೋಡೋರು ನೀವು ಅಂದ್ಕೊಂಡಿದ್ದೆ. ನಿಮ್ಮ ತಮ್ಮ ಅಂತ ಗೊತ್ತಿದ್ರೆ ಅವತ್ತೇ ಬಸ್ಸು ಹತ್ತುತಿದ್ದೆ."

ತಮ್ಮ ನನಗೆ ಮಾಡಿದ್ದನ್ನು ಹೇಳಿಕೊಳ್ಳಲು ಹೋಗಿದ್ದೆ. ನಾನು ಅವಳಿಗೆ ಮಾಡಿದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿದಳು. ದೊಡ್ಡ ಮಗಳು ನೀರು ತಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು, ನಾನು ಎದ್ದು ಹೊರಡುವ ತನಕ ಒಳಗೆ ಬರಲಿಲ್ಲ.

ಶುಕ್ರವಾರ ಆಫೀಸಿನವರು ಬಂದು ಬಂದೂಕುಗಳನ್ನೆಲ್ಲ ಪಟ್ಟಿ ಮಾಡಿ, ಬಾಗಿಲಿಗೆ ಸೀಲು ಹಾಕಿ ಹೋದರು. ಪಟ್ಟಿಯನ್ನು ಒಬ್ಬ ಗುಮಾಸ್ತ ನನಗೆ ಓದಿ ಹೇಳಿದ. ಇನ್ನೊಮ್ಮೆ ಓದಿ ಅಂದೆ. ಓದಿದ. ಬೇರೆಯವನನ್ನು ಕರೆದು ಅವನ ಕೈಯಲ್ಲೂ ಓದಿಸಿದೆ. ಆಮೇಲೆ ಸಹಿ ಮಾಡಿದೆ.

ತಮ್ಮ ಹೋದದ್ದು ಬುಧವಾರವೇ, ಠಾಣೆಯಿಂದ ನೇರವಾಗಿ, ಪೊಲೀಸರ ಜೀಪಿನಲ್ಲಿ ಕೋರ್ಟಿಗೆ. ಹತ್ತುವಾಗ "ಅಣ್ಣ" ಅಂದ, ನಾನು ತಲೆಯೆತ್ತಲಿಲ್ಲ. ನರ್ಸಮ್ಮ ಇಬ್ಬರು ಮಕ್ಕಳನ್ನು ಕರೆದುಕೊಂಡು ತನ್ನ ಅಕ್ಕನ ಊರಿಗೆ ಹೋದದ್ದು ಭಾನುವಾರ, ಹನ್ನೆರಡರ ಬಸ್ಸಿಗೆ.