ಥರ್ಮೋಕೋಲ್ ತೂಕ

ದಾನೇಶ್ವರಿಗೆ ಜನರ ಮೇಲೆ ಸಿಟ್ಟು ಬರುತ್ತಿದ್ದುದು ಕಡಿಮೆ, ತಾತ್ಸಾರವೇ ಹೆಚ್ಚು. ಸಿಟ್ಟು ಮಾಡಿಕೊಳ್ಳಲಿಕ್ಕೂ ಎದುರಿನವರಿಗೆ ಒಂದಿಷ್ಟು ಯೋಗ್ಯತೆ ಬೇಕು ಅನ್ನುವವಳು. ದಹಿಸರಿನ ಆ ಇಂಗ್ಲಿಷ್ ಶಾಲೆಯಲ್ಲಿ ಮಕ್ಕಳಿಗೆ ಭಾರ ಎತ್ತುವುದನ್ನು ಕಲಿಸುವ ಕೆಲಸಕ್ಕೆ ಸೇರಿದ ಮೇಲೆ ಅಂಥವರಾರೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಅವಳ ಮನೆಯವರು ವಿಜಯಪುರದ ಕಡೆಯವರು. ಅವಳು ಬೆಳೆದದ್ದು ವಿಕ್ರೋಳಿಯ ಸಾಲುಮನೆಗಳ ಚಾಳಿನಲ್ಲಿ, ವೇಟ್‌ಲಿಫ್ಟಿಂಗ್‌ನಲ್ಲಿ ಯುನಿವರ್ಸಿಟಿಗೆ ಪದಕ ತಂದವಳು. ಇಲ್ಲಿ ನೋಡಿದರೆ ಒಂಬತ್ತನೆಯ ಇಯತ್ತೆಯ ಮಕ್ಕಳು ರಾಡ್ ಮುಟ್ಟುವ ಮೊದಲು ಫೋನ್ ಒರಗಿಸಿಡಲು ಜಾಗ ಹುಡುಕುತ್ತಿದ್ದರು. ಎತ್ತುವವನು ಒಬ್ಬ, ವಿಡಿಯೋ ಮಾಡುವವರು ನಾಲ್ವರು. ಆಮೇಲೆ ಎಲ್ಲರೂ ಕನ್ನಡಿಗೆ ತೋಳು ತೋರಿಸುವುದು. ಕಡ್ಡಿಯಂಥ ತೋಳು.

ಜೂನಿನಲ್ಲಿ ಶಾಲೆ ಮಕ್ಕಳ ಫೋನ್ ನಿಷೇಧಿಸಿತು. ಬೆಳಿಗ್ಗೆ ಗೇಟಿನಲ್ಲೇ ಕೊಡಬೇಕು, ಸಂಜೆ ಹೋಗುವಾಗ ತೆಗೆದುಕೊಳ್ಳಬೇಕು. ಪ್ರಿನ್ಸಿಪಾಲ್ ವಿನೋದಿನಿ ಮೇಡಂ ಅಸೆಂಬ್ಲಿಯಲ್ಲಿ ಏಕಾಗ್ರತೆಯ ಬಗ್ಗೆ ಉದ್ದಕ್ಕೆ ಭಾಷಣ ಮಾಡಿದರು. ನಡುವೆ ತಮ್ಮ ಫೋನ್ ಬಡಿದುಕೊಂಡಾಗ ಎರಡು ಸಲ ತೆಗೆದು ನೋಡಿದರು.

ಫೋನಿಲ್ಲದ ಮಕ್ಕಳನ್ನು ನೋಡಿ ದಾನೇಶ್ವರಿಗೆ ಇನ್ನಷ್ಟು ಅಸಹ್ಯವಾಯಿತು.

"ಮಿಸ್, ಕಿತನಾ ಹುವಾ, ಯಾದ್ ನಹೀ ರಹತಾ. ಆ್ಯಪ್ ಗಿನ್‌ತಾ ಥಾ" ಅಂದ ಅಕ್ಷಯ.

"ಹತ್ತರ ತನಕ ಎಣಿಸಾಕ ಬರಂಗಿಲ್ಲ? ಮತ್ತ ನಿಮ್ಮಪ್ಪ ಫೀ ಯಾಕ ಕಟ್ಟತಾನ?"

ಅವತ್ತಿನಿಂದ ಇಬ್ಬಿಬ್ಬರನ್ನು ಜೋಡಿ ಮಾಡಿದಳು. ಒಬ್ಬ ಎತ್ತುವಾಗ ಇನ್ನೊಬ್ಬ ಎಣಿಸಬೇಕು, ಬೆನ್ನು ಬಾಗಿದರೆ ಹೇಳಬೇಕು, ರಾಡಿನಿಂದ ಕಣ್ಣು ತೆಗೆಯಬಾರದು. ಮೊದಮೊದಲು ಆಕಳಿಸಿದರು. ಮಳೆಗಾಲ ಇಳಿಯುವ ಹೊತ್ತಿಗೆ, ಯಾವಾಗಲೂ ಮೂಲೆ ಹಿಡಿದು ನಿಲ್ಲುತ್ತಿದ್ದ ಶೀತಲ್ ಎಂಬ ಹುಡುಗಿ ಉಳಿದವರಿಗೆ "ಮೊಣಕಾಲು ಒಳಗೆ ಬರ್ತಿದೆ, ರುಕ್" ಅಂತ ಗದರತೊಡಗಿದಳು. ದಾನೇಶ್ವರಿ ಹೊಗಳಲಿಲ್ಲ. ಹೊಗಳಿದರೆ ಕೆಡುತ್ತವೆ ಅಂತ ಅವಳ ನಂಬಿಕೆ.

ಆಗಲೇ ವಿನೋದಿನಿ ಮೇಡಂ ಕ್ಯಾಮೆರಾದವನನ್ನು ಕರೆದುಕೊಂಡು ಬಂದರು.

"ಒಂದು ರೀಲ್ ಮಾಡುವ ದಾನೇಶ್ವರಿ. ನಮ್ಮ ಮಕ್ಕಳು ಫೋನ್ ಬಿಟ್ಟು ಗಟ್ಟಿಯಾದ್ರು ಅಂತ. ಅಡ್ಮಿಶನ್ ಸೀಸನ್ ಅಲ್ವಾ."

"ಫೋನ್ ಬಿಟ್ಟದ್ದನ್ನ ಫೋನಿನ್ಯಾಗ ತೋರಸೂದೇನ್ರಿ ಮೇಡಂ?"

"ನೀವು ಎಂತ ಎಲ್ಲದಕ್ಕೂ ಕೊಕ್ಕೆ ಹಾಕ್ತೀರಿ ಮಾರಾಯ್ರೆ!"

ಆರಿಸಿದ್ದು ಮನೀಶನನ್ನು. ನೋಡಲು ಚೆಂದದ ಹುಡುಗ. ಬಾಂದ್ರಾದಲ್ಲಿ ಹೋಟೆಲ್ ಇರುವ ಟ್ರಸ್ಟಿ ಚೆನ್ನಯ ಅವರ ಮಗ. ಬೆಂಚಿನ ಮೇಲೆ ಮಲಗಿ ಮೂವತ್ತು ಕಿಲೋ ಎತ್ತಲು ಅವನಿಗೆ ಉಸಿರು ಕಟ್ಟುತ್ತಿತ್ತು. ಮೇಡಂಗೆ ಅದು ಮೊದಲೇ ಗೊತ್ತಿತ್ತು. ಡ್ರಾಯಿಂಗ್ ಟೀಚರಿಂದ ಥರ್ಮೋಕೋಲ್ ಕೊಯ್ಯಿಸಿ, ಕಪ್ಪು ಬಣ್ಣ ಬಳಿಸಿ, ರಾಡಿಗೆ ಸಿಕ್ಕಿಸುವ ತೂಕದ ಪ್ಲೇಟುಗಳನ್ನು ಮಾಡಿಸಿಟ್ಟಿದ್ದರು. ಮನೀಶ ಹಲ್ಲು ಕಚ್ಚಿದ, ಮುಖ ಕೆಂಪು ಮಾಡಿದ, ಸೊಪ್ಪಿನ ಕಟ್ಟು ಎತ್ತಿದ ಹಾಗೆ ರಾಡ್ ಎತ್ತಿದ. ಮೇಡಂ ಚಪ್ಪಾಳೆ ತಟ್ಟಿದರು.

ದಾನೇಶ್ವರಿಯ ನೌಕರಿ ಕರಾರಿನದು. ಮುಂದುವರಿಸುವ ಸಹಿ ಮೇಡಂ ಕೈಯಲ್ಲಿತ್ತು. ಗೋಡೆಗೆ ಒರಗಿ ಬಾಯಿಗೆ ಬೀಗ ಹಾಕಿಕೊಂಡು ನಿಂತಳು. ಅವತ್ತು ಲೋಕಲ್ ರೈಲಿನಲ್ಲಿ ಮನೆಗೆ ಹೋಗುವಾಗ ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖದ ಮೇಲೂ ಅವಳಿಗೆ ಗೌರವ ಹುಟ್ಟಲಿಲ್ಲ.

ರೀಲ್ ಓಡಿತು. ಬೇರೆ ಶಾಲೆಯ ಹುಡುಗಿಯರು ಮನೀಶನಿಗೆ ಮೆಸೇಜ್ ಹಾಕಿದರಂತೆ. ದಿನಕಳೆದಂತೆ, ತಾನು ಎತ್ತಿದ್ದು ಏನು ಅನ್ನುವುದು ಅವನಿಗೇ ಮರೆತಂತಾಯಿತು.

ಒಂದು ಮಧ್ಯಾಹ್ನ ಮೇಡಂ ತರಗತಿಯ ನಡುವೆಯೇ ದಾನೇಶ್ವರಿಗೆ ಆಫೀಸಿಗೆ ಬರಲು ಹೇಳಿಕಳಿಸಿದರು. ಎರಡನೆಯ ರೀಲಿಗೆ ಯಾವ ಬಣ್ಣದ ಟೀಶರ್ಟ್ ಅಂತ ಕೇಳಲು. "ನಾ ಬರೂ ತನಕ ಯಾರೂ ರಾಡ್ ಮುಟ್ಟಬ್ಯಾಡ್ರಿ" ಅಂತ ಹೇಳಿ ಹೋದಳು. ತಿರುಗಿ ಬರುವಾಗ ಜಿಮ್ಮಿನ ಬಾಗಿಲಾಚೆ ಕಿರುಚಾಟ ಕೇಳಿತು.

ಮನೀಶ ನಿಜವಾದ ಪ್ಲೇಟು ಏರಿಸಿಕೊಂಡು ಮಲಗಿದ್ದ. ಶೀತಲ್ ಬೇಡ ಅಂದಳಂತೆ, ಉಳಿದವರು ಹುರಿದುಂಬಿಸಿದರಂತೆ. ರಾಡ್ ಕೈಕೊಟ್ಟು ಎದೆಯ ಮೇಲೆ ಕೂತಿತ್ತು. ದಾನೇಶ್ವರಿ ಒಳಗೆ ಓಡಿ ಬರುವಷ್ಟರಲ್ಲಿ ಶೀತಲ್ ಒಂದು ತುದಿ, ಅಕ್ಷಯ ಇನ್ನೊಂದು ತುದಿ ಹಿಡಿದು ಎತ್ತಿ, ಒಟ್ಟಿಗೇ ಸ್ಟ್ಯಾಂಡಿಗೆ ಸೇರಿಸುತ್ತಿದ್ದರು. ಕಲಿಸಿದ ಹಾಗೆಯೇ. ಹುಡುಗನ ಎದೆಯ ಮೇಲೆ ಕೆಂಪು ಬರೆ ಎದ್ದಿತ್ತು. ಚಿಕ್ಕ ಮಗುವಿನಂತೆ ಅಳುತ್ತಿದ್ದ.

ವಿನೋದಿನಿ ಮೇಡಂ ಏದುಸಿರು ಬಿಡುತ್ತ ಬಂದವರು ಮೊದಲು ಕೇಳಿದ್ದು, "ಯಾರಾದ್ರೂ ವಿಡಿಯೋ ಮಾಡಿದ್ರಾ?"

"ಇಲ್ರಿ. ಫೋನ್ ಎಲ್ಲಾ ಗೇಟಿನ್ಯಾಗ ಅದಾವ. ಹುಡುಗ ಬದುಕ್ಯಾನ, ಅದನ್ನೂ ಒಂದೀಟು ಕೇಳ್ರಿ."

ಡಾಕ್ಟರು ಎಲುಬಿಗೆ ಏನೂ ಆಗಿಲ್ಲ ಅಂದರು. ಮರುದಿನ ಚೆನ್ನಯ ಬಂದು ಆಫೀಸಿನಲ್ಲಿ ಮೇಜು ಗುದ್ದಿದರು. ಕೋಚ್ ಕ್ಲಾಸ್ ಬಿಟ್ಟು ಹೋಗಿದ್ದರು ಅಂತ ಮೇಡಂ ಮೆತ್ತಗೆ ತೇಲಿಬಿಟ್ಟರು.

"ಕರದಾವ್ರು ನೀವ," ಅಂದಳು ದಾನೇಶ್ವರಿ. ಮತ್ತೆ ಚೆನ್ನಯ ಅವರ ಕಡೆ ತಿರುಗಿ, "ಸಾವಕಾರ್ರ, ರೀಲಿನ್ಯಾಗ ನಿಮ್ಮ ಮಗ ಎತ್ತಿದ್ದು ಥರ್ಮೋಕೋಲ್. ಅವತ್ತ ನಾ ತಡೀಬೇಕಿತ್ತು, ನೌಕರಿ ಆಸೆಗೆ ಸುಮ್ನ ನಿಂತೆ. ಅದಕ್ಕ ಹುಡುಗ ನಿನ್ನಿ ಖರೇದು ಎತ್ತಾಕ ಹ್ವಾದ."

ಚೆನ್ನಯ ಮೇಡಂ ಕಡೆ ತಿರುಗಿದರು. "ಥರ್ಮೋಕೋಲಾ? ನಾನು ಅದನ್ನ ಹೋಟೆಲಿನ ಟೀವಿಯಲ್ಲಿ ದಿನವಿಡೀ ಹಾಕಿದ್ದೇನಲ್ಲ ಮಾರಾಯ್ರೆ! ಗಿರಾಕಿಗಳಿಗೆಲ್ಲ ತೋರಿಸಿದ್ದೇನಲ್ಲ!"

ಮಗನ ಎದೆಯ ವಿಷಯ ಆಮೇಲೆ ಬರಲೇ ಇಲ್ಲ. ರೀಲನ್ನು ಸದ್ದಿಲ್ಲದೆ ತೆಗೆಯುವುದು, ಹೊರಗೆ ಯಾರೂ ಬಾಯಿ ಬಿಡಬಾರದು, ಇಷ್ಟೇ ತೀರ್ಮಾನ. ಮೇಡಂ, ಚೆನ್ನಯ ಇಬ್ಬರೂ ಕೂತು ಚಹಾ ಕುಡಿದರು. ಎಂಥ ಜನ, ಅಂದುಕೊಂಡು ದಾನೇಶ್ವರಿ ಎದ್ದು ಬಂದಳು.

ಜಿಮ್ ಕೋಣೆಗೆ ಬೀಗ ಬಿತ್ತು, ದುರಸ್ತಿಯ ನೆಪದಲ್ಲಿ. ಮಾರ್ಚ್ ನಂತರ ನಿಮ್ಮ ಕರಾರು ಇರುವುದಿಲ್ಲ ಅಂತಲೂ ಹೇಳಿದರು. ಸರಿ ಅಂದು, ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದಳು. ಒಬ್ಬರು ಇನ್ನೊಬ್ಬರನ್ನು ಬೆನ್ನ ಮೇಲೆ ಹೊತ್ತು ಗೋಡೆಯ ತನಕ ನಡೆಯಬೇಕು.

ಒಂದು ವಾರ ಬಿಟ್ಟು ಮನೀಶ ಬಂದ. ತಲೆ ತಗ್ಗಿಸಿ ನಿಂತ.

"ಮಿಸ್, ಮೈ ಭೀ? ನಾನೂ?"

"ನೀ ಬರಿಗೈಲೆ ಕುಂತು ಏಳೂದು ಕಲಿ. ಶೀತಲ್, ಇವನ್ನ ನೋಡ್ಕೋ."

ಮೂರನೆಯ ಸಲಕ್ಕೇ ಅವನು ಮಣ್ಣಿನಲ್ಲಿ ಕುಕ್ಕರಿಸಿ ಬಿದ್ದ. ಶೀತಲ್ ನಗಲಿಲ್ಲ, ಕೈಯನ್ನೂ ಕೊಡಲಿಲ್ಲ.

"ಉಠ್," ಅಂದಳು. "ಇದು ಲೆಕ್ಕಕ್ಕಿಲ್ಲ. ಫಿರ್ ಸೇ, ಒಂದು."