ಟರ್ಬೊ ಗುಂಡಿ

ಮತ್ತೆ ಗೋಡೆಗೆ ಗುದ್ದಿತು ಪುಟ್ಟ ಕಾರು, ನನ್ನ ಬೆರಳು ಕೀಲಿ ಮುಟ್ಟುವ ಮೊದಲೇ, ಹಸಿರು ಪರದೆಯ ತುಂಬ ಚುಕ್ಕಿ ಚುಕ್ಕಿ, ಮುಕುಂದಣ್ಣ ಹೊಟ್ಟೆ ಕುಣಿಸಿ ನಗುತ್ತಿದ್ದಾನೆ, ನೋಡ್ದ್ಯೇನೇ ಸರೋಜ, ಇದು ಹುಚ್ಚು ಕುದ್ರೆ ಕಣೇ, ಹತ್ತೋದೂ ಒಂದೇ ಬೀಳೋದೂ ಒಂದೇ — ನಗಲಿ, ಎತ್ತು ಕೊಳ್ಳುವವನ ಬುದ್ಧಿ ಎಲ್ಲಿಗೆ ಹೋದೀತು, ಶಿವಮೊಗ್ಗದ ಅಂಗಡಿಯಿಂದ ಮಾರಲು ಎರಡು ಕಂಪ್ಯೂಟರ್ ತಂದು ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಜಿನ ಮೇಲೆ ಜೋಡಿಸಿದ ಶಂಭುವಿಗೆ ಇವನು ಹೇಳಿದ್ದೇ ಅದು, ಗಾಡಿಗೆ ಕಟ್ಟಿ ಒಂದು ಸುತ್ತು ಹೊಡ್ಯದೆ ಯಾರಾದ್ರೂ ಎತ್ತು ತಗೋತಾರಾ, ಓಡೋದು ಏನಾದ್ರೂ ಹಾಕಿ ತೋರ್ಸಿ, ಶಂಭು ಪಾಪ ಫ್ಲಾಪಿ ತುರುಕಿ ಈ ಕಾರಿನ ಆಟ ಹಾಕಿದ, ಎಡಗಡೆಯ ಹಳೇ ಮಾದರಿಯ ಎಕ್ಸ್‌ಟಿಯಲ್ಲಿ ಕಾರು ಹೊಸನಗರದ ಬಸ್ಸಿನಂತೆ ಹಾಯಾಗಿ ಹೋಯಿತು, ಬಲಗಡೆಯ ಹೊಸ ಮಾದರಿಯ ಟೂ ಎಯ್ಟಿ ಸಿಕ್ಸ್‌ನಲ್ಲಿ ಗೋಡೆ, ಅಲ್ಲಿಗೆ ಅಣ್ಣನ ತೀರ್ಪು ಮುಗಿಯಿತು, ನಿಧಾನದ್ದೇ ಸಾಕು, ಹೆಣ್ಮಕ್ಳಿಗೆ ಕಲ್ಸೋಕೆ ಯಂತಕ್ಕೆ ಇಷ್ಟು ಓಟ, ಕಟ್ಟಡ ಅವನದು, ಅವನು ಹೂಂ ಅನ್ನದೆ ಒಳಗೆ ಒಂದು ಸ್ಟೂಲೂ ಬರುವುದಿಲ್ಲ.

ಯಂತಕ್ಕಂತೆ, ಆಟ ಬರೆದಿರುವುದೇ ನಿಧಾನದ ಮೆಷಿನ್ನಿಗೆ, ಮೆಷಿನ್ ಚುರುಕಾದರೆ ಕಾರೂ ಹುಚ್ಚಾಗುತ್ತದೆ, ಅದು ಆಟದ ದೋಷ ಸಾರ್ ಅಂತ ಶಂಭು ಬಡಿದುಕೊಂಡ, ಅಣ್ಣನ ಕಿವಿಗೆ ಬಿದ್ದರೆ ತಾನೆ, ಕೆಲಸ ಮಾಡಿಸಿ ನೋಡಿದವಳು ನಾನು, ಎರಡರಲ್ಲೂ ಒಂದೇ ಅರ್ಜಿ ಟೈಪ್ ಮಾಡಿದೆ, ಹೊಸದರಲ್ಲಿ ಬೆರಳಿನ ಜೊತೆಗೇ ಅಕ್ಷರ ಬಂತು, ಎಕ್ಸ್‌ಟಿಯಲ್ಲಿ ನಾನು ಸಾಲು ಮುಗಿಸಿ ಕೈ ತೆಗೆದರೂ ಅಕ್ಷರಗಳು ಒಂದೊಂದಾಗಿ ಬರುತ್ತಲೇ ಇದ್ದವು, ನಿಲ್ಲದೆ ಹೊಡೆದರೆ ತಾಳು ಎಂಬಂತೆ ಕೀಂ ಎಂದು ನನಗೇ ಗದರಿತು — ಚಂದ್ರಯ್ಯ ಮೇಷ್ಟ್ರೂ ಹೀಗೇ ಗದರುತ್ತಿದ್ದರು, ತೀರ್ಥಹಳ್ಳಿಯಲ್ಲಿ ನಾನು ಟೈಪಿಂಗ್ ಕಲಿಯುವಾಗ, ಕೀಲಿ ಕಾಣದಂತೆ ಕೈ ಮೇಲೆ ಬಟ್ಟೆ ಮುಚ್ಚಿ ಟೈಪ್ ಹೊಡೆಸುತ್ತಿದ್ದರು, ನನ್ನ ಓಟಕ್ಕೆ ಟೈಪ್‌ರೈಟರಿನ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡರೆ ತಪ್ಪು ನನ್ನದು, ಮೆಲ್ಲಗೆ ಕಣಮ್ಮಾ, ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ, ನೆಲ ನಿಜವಾಗಿ ಡೊಂಕಾಗಿತ್ತು ಮೇಷ್ಟ್ರೇ, ಅವತ್ತು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡು ಮೆಲ್ಲಗೆ ಹೊಡೆದೆ, ಈಗ ಮೆಷಿನ್ ಓಡುತ್ತದೆ, ಈಗಲೂ ತಪ್ಪು ಓಡುವವರದ್ದೇ.

ಶಂಭು ಏನೋ ಹೇಳುತ್ತಿದ್ದಾನೆ, ಮೇಡಂ, ಈ ಟರ್ಬೊ ಗುಂಡಿ ಒತ್ತಿಬಿಟ್ರೆ ಇದೂ ನಿಧಾನ ಆಗುತ್ತೆ, ಅಣ್ಣನ ಮುಖ ಅರಳಿತು, ಮೊದ್ಲೇ ಹೇಳ್ಬಾರ್ದೇನಪ್ಪ, ಸರೋಜ, ಇದ್ನೇ ತಗೋ ಹಂಗಾರೆ, ಗುಂಡಿ ಮಾತ್ರ ಒತ್ತೇ ಇಡ್ಬೇಕು, ಯಾವಾಗ್ಲೂ, ಏನಂತಿ — ಹೂಂ ಅಂದುಬಿಡಬಹುದು, ಅವನು ಮೆಟ್ಟಿಲಿಳಿದ ಕೂಡಲೇ ಬಿಡಿಸಿದರಾಯಿತು, ಇಷ್ಟು ವರ್ಷ ಮಾಡಿದ್ದೂ ಅದನ್ನೇ, ಎದುರಿಗೆ ಮೆಲ್ಲಗೆ, ಹಿಂದಿನಿಂದ ಜೋರಾಗಿ, ನನ್ನ ಹುಡುಗಿಯರೂ ಅದನ್ನೇ ಕಲಿಯಬೇಕೇನು, ಅಣ್ಣ ಬಂದ ಗುಂಡಿ ಒತ್ತು, ಅಣ್ಣ ಹೋದ ಬಿಡಿಸು, ಥೂ, ಸಿಟ್ಟು ಬರುತ್ತಿದೆ ನನಗೆ, ಚೆನ್ನಾಗಿಯೇ ಬರುತ್ತಿದೆ, ಗುಂಡಿಯ ಕಡೆ ಚಾಚಿದ ಅವನ ಕೈಗೆ ಅಡ್ಡವಾಗಿ ನನ್ನ ಎಡಗೈ ಇಟ್ಟಿದ್ದೇನೆ, ಒತ್ತಲ್ಲ ಅಣ್ಣ, ಇದು ಓಡೋದು ಹಿಂಗೇ, ಹಿಂಗೇ ಇದ್ರೆ ಇಲ್ಲಿರ್ಲಿ, ಇಲ್ಲಾಂದ್ರೆ ಎರಡೂ ವಾಪಸ್ ಹೋಗ್ಲಿ, ನಾನು ಬೇರೆ ಕಟ್ಟಡ ನೋಡ್ಕೋತೀನಿ, ಅವನು ನಗುತ್ತಿಲ್ಲ, ನನ್ನ ಬಲಗೈ ಕೀಲಿಯ ಮೇಲೆ, ಕಾರು ಹೊರಟಿತು, ಗೋಡೆ, ಮತ್ತೆ ಕಾರು, ಗೋಡೆ, ತಿರುವು ಕಂಡ ಮೇಲೆ ಒತ್ತಿದರೆ ತಡ, ಕಾಣುವ ಮೊದಲೇ ಎಡಕ್ಕೆ, ಮತ್ತೆ ಕಾರು, ಎಡಕ್ಕೆ, ಗೋಡೆ ಪಕ್ಕಕ್ಕೆ ಸರಿಯಿತು, ಕಾರು ಇದೆ, ಇನ್ನೂ ಇದೆ, ಪುಟ್ಟ ಕಾರು.